ಲೀಲಾವತಿಯವರ ಅಭಿನಯಕಲೆ: ಒಂದು ವಿಮರ್ಶೆ

ನಟಿ ಲೀಲಾವತಿಯವರು 2023ನೆಯ ಇಸವಿ ಡಿಸೆಂಬರ್ 8ರಂದು ನೆಲಮಂಗಲದ ಆಸ್ಪತ್ರೆಯೊಂದರಲ್ಲಿ ದಿವಂಗತರಾದರು. ಆ ಸಮಯದಲ್ಲಿ ಅವರನ್ನು ಕುರಿತು ಪ್ರಕಟವಾದ ಬರಹಗಳು ಅಲ್ಪವಲ್ಲ. ಅವರ ಬಾಲ್ಯದ ಬಡತನ, ಜೀವನದಲ್ಲಿ ಉಂಡ ಕಷ್ಟಗಳು, ಸೋಲದೇವನಹಳ್ಳಿಯ ತೋಟ, ಅಲ್ಲಿ ಕಟ್ಟಿಸಿದ ಆಸ್ಪತ್ರೆ, ಇವೇ ಆ ಬರಹಗಳಲ್ಲಿ ಬಹುಪಾಲಿನ ವಸ್ತುವಾಗಿದ್ದುವು. ಅವರ ಅಭಿನಯವು ಎಂತಹುದು, ಅದರ ಗುಣವೆಲ್ಲಿ, ದೋಷವೆಲ್ಲಿ ಎಂಬ ವಿಚಾರವು ಮಾತ್ರ ಅವುಗಳಲ್ಲಿ ವಿರಳ. ಅಗಲಿದವರ ಗುಣಗಾನವು ಲೋಕಾಚಾರಕ್ಕೆ ಉಚಿತವಾದುದೇ ಸರಿ. ಆದರೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಒಂದು ಕಲೆಯನ್ನು ಉಪಾಸಿಸಿದವರಿಗೆ ಸಲ್ಲಬೇಕಾದ ಋಣವು ಅಷ್ಟರಿಂದಲೇ ತೀರುವುದಿಲ್ಲ. ಕಲೆಯನ್ನು ಕಲೆಯೆಂದೇ ಭಾವಿಸಿ ಪರಿಶೀಲಿಸುವುದೇ ಕಲಾವಿದೆಗೆ ನಿಜವಾದ ಗೌರವ. ಈ ಲೇಖನದ ಉದ್ದೇಶವು ಅದೇ.

ಜೀವನವೃತ್ತಾಂತವನ್ನು ಅವಶ್ಯಕವಾದಷ್ಟು ಮಾತ್ರ ಹೇಳುತ್ತೇವೆ. ಇವರು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮೈಸೂರಿಗೆ ಬಂದು, ಮಹಾಲಿಂಗ ಭಾಗವತರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕಮಂಡಲಿಯಲ್ಲಿ ಬಣ್ಣ ಹಚ್ಚಿದರು. 1949ರ ‘ನಾಗಕನ್ನಿಕೆ’ಯಲ್ಲಿ ಸಣ್ಣದೊಂದು ಪಾತ್ರವು ದೊರೆಯಿತು. ‘ಮಾಂಗಲ್ಯ ಯೋಗ’ದಲ್ಲಿ ನಾಯಿಕೆಯಾದರು. 1960ರಲ್ಲಿ ‘ರಣಧೀರ ಕಂಠೀರವ’, ‘ರಾಣಿ ಹೊನ್ನಮ್ಮ’ ಎಂಬ ಚಿತ್ರಗಳಲ್ಲಿ ರಾಜ್‌ಕುಮಾರರಿಗೆ ಎದುರಾಗಿ ನಟಿಸಿದ ಮೇಲೆ ಅವರ ಹೆಸರು ಮನೆಮಾತಾಯಿತು. ‘ಕಣ್ತೆರೆದು ನೋಡು’, ‘ಗಾಳಿಗೋಪುರ’, ‘ಕನ್ಯಾರತ್ನ’, ‘ಕುಲವಧು’, ‘ವೀರಕೇಸರಿ’, ‘ಮನ ಮೆಚ್ಚಿದ ಮಡದಿ’ ಇವೆಲ್ಲವೂ 1961ರಿಂದ 1963ರ ಒಳಗೆ ಬಂದುವು. ಕನ್ನಡ, ತೆಲುಗು, ತಮಿಳು ಮೊದಲಾದ ಭಾಷೆಗಳಲ್ಲಿ ಅವರು ನಟಿಸಿದ ಚಿತ್ರಗಳು 600ಕ್ಕೂ ಹೆಚ್ಚೆಂದು ಎಣಿಕೆ. 1999ನೆಯ ಸಾಲಿನ ರಾಜ್‌ಕುಮಾರ್ ಪ್ರಶಸ್ತಿಯೂ, 2008ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಪದವಿಯೂ ಅವರಿಗೆ ಸಂದುವು.

ಇನ್ನು ಪರೀಕ್ಷೆಗೆ ಒಂದು ಮಾನದಂಡವು ಬೇಕು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಸತ್ತ್ವವು ಅಧಿಕವಾಗಿರುವ ಅಭಿನಯವನ್ನೇ ಶ್ರೇಷ್ಠವೆಂದು ಎಣಿಸಿರುವನು. ಈ ವಿಭಾಗವು ರಂಗಭೂಮಿಗಾಗಿ ಹುಟ್ಟಿದ್ದು, ಚಲಚ್ಚಿತ್ರಕ್ಕೆ ಹೇಗೆ ಒಪ್ಪೀತು ಎಂದು ಕೆಲವರು ಕೇಳಬಹುದು. ಒಪ್ಪುವುದು ಮಾತ್ರವಲ್ಲ, ಚಲಚ್ಚಿತ್ರದಲ್ಲಿ ನಟಿಯ ಪಾಲು ಎಷ್ಟು ಎಂಬುದನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಸಾಧನವು ನಮಗೆ ಕಾಣದು. ಆಹಾರ್ಯವು ಪ್ರಸಾಧನಕಾರನ ಕೈಯಲ್ಲಿದೆ. ಆಂಗಿಕದಲ್ಲಿ ಯಾವ ಭಾಗವು ತೆರೆಯ ಮೇಲೆ ಉಳಿಯಬೇಕೆಂಬುದನ್ನು ಛಾಯಾಗ್ರಾಹಕನೂ ಸಂಕಲನಕಾರನೂ ನಿರ್ಣಯಿಸುತ್ತಾರೆ. ವಾಚಿಕದಲ್ಲಿ ಸಂಭಾಷಣೆಯಷ್ಟೇ ನಟಿಯದು, ಹಾಡು ಬೇರೊಬ್ಬರ ಕಂಠದ್ದು. ಹೀಗೆ ಕಳೆಯುತ್ತ ಬಂದರೆ ಕೊನೆಗೆ ಸಂಪೂರ್ಣವಾಗಿ ನಟಿಗೇ ಉಳಿಯುವುದು ಸಾತ್ತ್ವಿಕವೊಂದೇ. ಕಣ್ಣಿನ ಅಂಚಿನಲ್ಲಿ ತಡೆದ ನೀರು, ಸ್ವರದ ಬಿರುಕು, ಮುಖದ ಬಣ್ಣಗೆಡುವಿಕೆ ಇವುಗಳನ್ನು ಯಾರೂ ಹೊರಗಿನಿಂದ ತಂದು ಹಚ್ಚಲಾರರು. ಸ್ತಂಭಾದಿ ಎಂಟು ಸಾತ್ತ್ವಿಕಭಾವಗಳು ದೂರದ ಪ್ರೇಕ್ಷಕನಿಗೆ ರಂಗದ ಮೇಲೆ ಕಾಣುವುದು ದುರ್ಲಭ. ಚಿತ್ರಯಂತ್ರವು ಮುಖದ ಸಮೀಪಕ್ಕೆ ಹೋಗುವುದರಿಂದ ಅವೇ ಇಲ್ಲಿ ಪ್ರಧಾನವಾಗುವುವು. ಆದಕಾರಣ ಲೀಲಾವತಿಯವರನ್ನು ಈ ಒಂದು ಒರೆಗಲ್ಲಿನ ಮೇಲೆ ತಿಕ್ಕಿ ನೋಡುವುದೇ ನ್ಯಾಯ.

ಮೊದಲು ಅವರ ನಾಯಿಕಾಪಾತ್ರಗಳನ್ನು ನೋಡೋಣ. ಲಾಕ್ಷಣಿಕರು ಅವಸ್ಥಾಭೇದದಿಂದ ನಾಯಿಕೆಯರನ್ನು ಎಂಟು ವಿಧವಾಗಿ ಹೇಳಿರುವರು. ಆ ಕಾಲದ ಕನ್ನಡ ಚಿತ್ರಕಥೆಗಳಾದರೋ ಆ ಎಂಟರಲ್ಲಿ ಎರಡು ಮೂರನ್ನೇ ಮತ್ತೆ ಮತ್ತೆ ಉಪಯೋಗಿಸಿದುವು. ನಾಯಿಕೆಯು ಮೊದಲು ಪ್ರಿಯನೊಡನೆ ಹಾಡುವಳು, ನಡುವೆ ವಿರಹದಲ್ಲಿ ಬೇಯುವಳು, ಕೊನೆಗೆ ಸುಖವಾಗಿ ಸೇರುವಳು. ಕಥೆಯ ಭಾರವೆಲ್ಲವೂ ನಾಯಕನ ಹೆಗಲ ಮೇಲೆ. ‘ರಣಧೀರ ಕಂಠೀರವ’ದಂತಹ ವೀರರಸಪ್ರಧಾನವಾದ ಕೃತಿಯಲ್ಲಿ ಶೃಂಗಾರವು ಅಂಗವಾಗಿ ಮಾತ್ರ ಬರಬೇಕಾದುದರಿಂದ ನಾಯಿಕೆಗೆ ಅವಕಾಶವು ಇನ್ನೂ ಕಡಮೆ. ಇಂತಹ ಪಾತ್ರಗಳಲ್ಲಿ ಲೀಲಾವತಿಯವರು ಶುದ್ಧವಾದ ಉಚ್ಚಾರಣೆಯಿಂದಲೂ, ನಾಟಕಮಂಡಲಿಯಲ್ಲಿ ಪಡೆದ ಲಯಜ್ಞಾನದಿಂದಲೂ, ಅತಿರೇಕವಿಲ್ಲದ ನಡೆಯಿಂದಲೂ ಕೊಟ್ಟ ಕೆಲಸವನ್ನು ಚೊಕ್ಕವಾಗಿ ನಿರ್ವಹಿಸಿದರು. ಅವು ದೋಷರಹಿತವಾದ ಪಾತ್ರಗಳು. ಆದರೆ ಅವುಗಳಿಂದಲೇ ಅವರು ಮಹಾನಟಿಯೆನಿಸಿದರೆಂದು ಹೇಳುವುದು ಅತಿಶಯೋಕ್ತಿಯಾಗುವುದು.

ಇದಕ್ಕೆ ಒಂದು ಅಪವಾದವುಂಟು. ‘ಕುಲವಧು’ ಚಿತ್ರದಲ್ಲಿ ದ. ರಾ. ಬೇಂದ್ರೆಯವರ ಯುಗಾದಿಯ ಕವಿತೆಯನ್ನು ಅಳವಡಿಸಿರುವರು. ಕಂಠವು ಎಸ್. ಜಾನಕಿಯವರದು, ಸಂಗೀತವು ಜಿ. ಕೆ. ವೆಂಕಟೇಶರದು, ಮುಖವು ಲೀಲಾವತಿಯವರದು. ಹಬ್ಬದ ಹಾಡೆಂದು ಜನರು ಇದನ್ನು ಇಂದಿಗೂ ಹಾಡುವರು. ಆದರೆ ಪ್ರಕೃತಿಗೆ ವರ್ಷಕ್ಕೊಮ್ಮೆ ಬರುವ ಹೊಸತನವು ಮನುಷ್ಯನ ಆಯುಸ್ಸಿಗೆ ಬರದು ಎಂಬ ಖೇದವು ಅದರ ಗರ್ಭದಲ್ಲಿದೆ. ಹರ್ಷವನ್ನು ಮಾತ್ರ ತೋರಿಸಿದರೆ ಕವಿತೆಯು ಹಾಳಾಗುವುದು, ಖೇದವನ್ನು ಮಾತ್ರ ತೋರಿಸಿದರೆ ಹಬ್ಬವು ಹಾಳಾಗುವುದು. ಕಂಠವು ತನ್ನದಲ್ಲದಿರುವಾಗ ಈ ಎರಡನ್ನೂ ಮುಖದಲ್ಲಿ ಹೊಂದಿಸುವುದು ಸುಲಭಸಾಧ್ಯವಲ್ಲ. ಲೀಲಾವತಿಯವರ ಮುಖದಲ್ಲಿ ಉಲ್ಲಾಸದ ಹಿಂದೆಯೇ ಒಂದು ತೆಳುವಾದ ಚಿಂತೆಯ ಛಾಯೆಯು ನಿಲ್ಲುವುದರಿಂದ ಗಾಯಕಿಯೂ ನಟಿಯೂ ಬೇರೆಯೆಂಬ ಅರಿವೇ ನಮಗೆ ಉಂಟಾಗುವುದಿಲ್ಲ. ಮುಂದೆ ಅವರ ಕಲೆಯು ಯಾವ ದಿಕ್ಕಿಗೆ ಹೊರಳೀತೆಂಬುದಕ್ಕೆ ಈ ಛಾಯೆಯು ಮುನ್ಸೂಚನೆಯಾಗಿರುವುದು.

ಹೊರಳಿದ್ದು ತಾಯಿಯ ಪಾತ್ರದ ಕಡೆಗೆ. ಇದನ್ನು ಅವನತಿಯೆಂದು ಭಾವಿಸುವುದು ರೂಢಿ. ಈ ಭಾವನೆಗೆ ಕಾರಣವಿಲ್ಲದಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರರ ನಾಯಿಕೆಯಾಗಿದ್ದ ಪಂಢರಿಬಾಯಿಯವರು ಕೆಲವು ವರ್ಷಗಳಲ್ಲಿಯೇ ತಾಯಿಯಾದರು. ಲೀಲಾವತಿಯವರದೂ ಅದೇ ದಾರಿ. ನಾಯಕನಾದರೋ 2000ನೆಯ ಇಸವಿಯ ‘ಶಬ್ದವೇಧಿ’ಯವರೆಗೂ ನಾಯಕನಾಗಿಯೇ ಉಳಿದನು. ಕಾಲಪುರುಷನು ಸ್ತ್ರೀಯರಿಗೊಂದು, ಪುರುಷರಿಗೊಂದು ಗಡಿಯಾರವನ್ನು ಇಟ್ಟಿರುವನೇ? ಈ ಪಕ್ಷಪಾತವು ಉದ್ಯಮದ ದೋಷ. ಅದನ್ನು ದೋಷವೆಂದೇ ಹೇಳಬೇಕು. ಆದರೆ ಅವಕಾಶದ ಅನ್ಯಾಯವು ಬೇರೆ, ಆ ಅವಕಾಶದಲ್ಲಿ ನಟಿಯು ಸಾಧಿಸಿದ್ದು ಬೇರೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ಕೀಳುಗಳೆಯುವುದು ಯುಕ್ತವಲ್ಲ.

ಇಲ್ಲಿ ಶಾಸ್ತ್ರದ ಒಂದು ಕೊರತೆಯನ್ನೂ ಒಪ್ಪಬೇಕಾಗಿದೆ. ಅಷ್ಟನಾಯಿಕೆಯರಲ್ಲಿ ತಾಯಿಗೆ ಸ್ಥಾನವಿಲ್ಲ. ಪುತ್ರಾದಿವಿಷಯಕವಾದ ಪ್ರೀತಿಯನ್ನು ಪ್ರಾಚೀನರು ಬಹುಮಟ್ಟಿಗೆ ಭಾವವೆಂದು ಕರೆದರೇ ಹೊರತು ರಸವೆಂದು ಕರೆಯಲಿಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ಹತ್ತನೆಯ ರಸವೆಂದು ಅಂಗೀಕರಿಸಿದನು. ಅವನ ಪಕ್ಷವು ಸರಿಯೇ ಅಲ್ಲವೇ ಎಂಬುದು ಪಂಡಿತರಲ್ಲಿ ಇಂದಿಗೂ ವಿವಾದಾಸ್ಪದವೇ. 1969ರ ‘ಗೆಜ್ಜೆಪೂಜೆ’ಯನ್ನು ನೋಡಿದವರಿಗೆ ಆ ವಿವಾದದಲ್ಲಿ ವಿಶ್ವನಾಥನ ಕಡೆಗೆ ಒಂದು ಪ್ರಬಲವಾದ ಸಾಕ್ಷ್ಯವು ದೊರೆಯುವುದು.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದರು. ಕಲ್ಪನಾ ಅವರು ಮಗಳು ಚಂದ್ರೆ, ಲೀಲಾವತಿಯವರು ತಾಯಿ ಅಪರ್ಣೆ. ಅಪರ್ಣೆಯು ಕುಲವೃತ್ತಿಯ ಕಟ್ಟಿನಲ್ಲಿ ಸಿಕ್ಕಿದವಳು. ಮಗಳಿಗಾದರೂ ಗೃಹಿಣಿಯ ಬಾಳು ದೊರೆಯಲೆಂದು ಹಂಬಲಿಸುವಳು. ಆದರೆ ಆ ಬಾಳಿಗೆ ಅಡ್ಡಿಯಾಗಿರುವುದು ತನ್ನ ಇರವೇ ಎಂಬುದನ್ನೂ ಬಲ್ಲಳು. ಆಲಂಬನವಾದ ಮಗಳನ್ನು ಕಂಡೊಡನೆ ವಾತ್ಸಲ್ಯವು ಏಳುವುದು, ಏಳುತ್ತಲೇ ಅದರೊಡನೆ ಶಂಕೆ, ಗ್ಲಾನಿ, ದೈನ್ಯಗಳೂ ಏಳುವುವು. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಭಾವಶಬಲತೆಯೆಂದು ಹೆಸರು. ಸಾಮಾನ್ಯನಟಿಯು ಇಂತಹ ಸ್ಥಳದಲ್ಲಿ ಒಂದೊಂದು ಭಾವವನ್ನೂ ಸಾಲಾಗಿ ತೋರಿಸಿಬಿಡುವಳು. ಲೀಲಾವತಿಯವರಾದರೋ ತಡೆದು ನಿಲ್ಲಿಸುವರು. ಅಳುವುದಕ್ಕೂ ತನಗೆ ಅಧಿಕಾರವಿಲ್ಲವೆಂದು ತಿಳಿದವಳ ಮುಖವು ಹೇಗಿರುವುದೋ ಹಾಗೆ ಅವರ ಮುಖವು ಇರುವುದು. ಮಗಳ ದುರಂತಕ್ಕೆ ತೀವ್ರತೆಯು ಬರುವುದು ಬಹುಮಟ್ಟಿಗೆ ತಾಯಿಯ ಈ ಮೌನದಿಂದ. ಕಲ್ಪನಾ ಅವರ ಅಭಿನಯದ ಜ್ವಾಲೆಯನ್ನು ಎಲ್ಲರೂ ಕೊಂಡಾಡಿದರು. ಆ ಜ್ವಾಲೆಗೆ ಹಿನ್ನೆಲೆಯಾದ ಕತ್ತಲೆಯನ್ನು ನಿರ್ಮಿಸಿದವರು ಲೀಲಾವತಿಯವರೆಂಬುದನ್ನು ಕೆಲವರೇ ಗುರುತಿಸಿದರು. ಈ ಪಾತ್ರಕ್ಕೆ ರಾಜ್ಯ ಸರಕಾರದ ಪೋಷಕನಟಿ ಪ್ರಶಸ್ತಿಯು ದೊರೆಯಿತು. ಪೋಷಕವೆಂಬ ಶಬ್ದವು ಇಲ್ಲಿ ಅನ್ವರ್ಥವಾದುದು, ಏಕೆಂದರೆ ರಸವನ್ನು ಪೋಷಿಸಿದ್ದು ಈ ಪಾತ್ರವೇ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾಗುವುದು. ತಾಯಿಯ ಪಾತ್ರದಲ್ಲಿ ಲೀಲಾವತಿಯವರು ಯಶಸ್ವಿಯಾದುದರಿಂದಲೇ ಚಿತ್ರನಿರ್ಮಾಪಕರು ಮುಂದೆ ಅವರಿಂದ ಕಣ್ಣೀರನ್ನು ಅಳತೆಯ ಮೇಲೆ ಕೊಳ್ಳತೊಡಗಿದರು. ವಿಭಾವವು ಸರಿಯಾಗಿ ಸಿದ್ಧವಾಗದೆ ಅನುಭಾವವನ್ನು ಮಾತ್ರ ಬೇಡಿದರೆ ಅಶ್ರುವು ಕೇವಲ ನೀರಾಗುವುದು. ಅನೇಕ ಚಿತ್ರಗಳಲ್ಲಿ ಅವರ ದುಃಖವು ಪುನರುಕ್ತಿಯಾಗಿರುವುದೆಂಬುದನ್ನು ಅಲ್ಲಗಳೆಯಲಾಗದು. ಈ ದೋಷದಲ್ಲಿ ಕಥೆಗಾರರ ಪಾಲು ಹೆಚ್ಚು, ನಟಿಯ ಪಾಲು ಕಡಮೆ. ಆದರೂ ನೂರಾರು ಪಾತ್ರಗಳನ್ನು ಒಪ್ಪಿಕೊಂಡವರ ಮೇಲೆ ಅದರ ಒಂದಂಶವು ಬಾರದಿರದು. ಹೊಟ್ಟೆಪಾಡಿಗಾಗಿ ದುಡಿಯುವ ಕಲಾವಿದೆಗೆ ಆಯ್ಕೆಯ ಸ್ವಾತಂತ್ರ್ಯವು ಎಷ್ಟಿತ್ತೆಂಬುದನ್ನು ನೆನೆದು ವಿಮರ್ಶಕನು ಇಲ್ಲಿ ಮೃದುವಾಗಬಹುದು, ಕುರುಡಾಗಬಾರದು.

ಇನ್ನು ಸೋಲದೇವನಹಳ್ಳಿಯ ಮಾತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ನೆಲಮಂಗಲವು ಸಿಕ್ಕುವುದು. ಅದೇ ತಾಲ್ಲೂಕಿನ ಈ ಗ್ರಾಮದಲ್ಲಿ ಲೀಲಾವತಿಯವರು ಮಗ ವಿನೋದ್‌ರಾಜರೊಡನೆ ನೆಲಸಿ ಬೇಸಾಯ ಮಾಡಿದರು. ಸುತ್ತಲೂ ಕಾರ್ಖಾನೆ, ಉಗ್ರಾಣ, ಬಡಾವಣೆಗಳು ಹೊಲಗಳನ್ನು ನುಂಗುತ್ತಿರುವ ಸೀಮೆಯಲ್ಲಿ ಅವರು ನೆಲವನ್ನು ಹಿಡಿದು ನಿಂತರು. ಹಳ್ಳಿಯ ಜನರಿಗಾಗಿ ಸ್ವಂತ ಹಣದಿಂದ ಆಸ್ಪತ್ರೆಯನ್ನು ಕಟ್ಟಿಸಿದರು. ಪಶುಗಳಿಗಾಗಿ ಕಟ್ಟಿಸಿದ ಆಸ್ಪತ್ರೆಯು ಅವರ ಮರಣಕ್ಕೆ ಕೆಲವೇ ದಿನಗಳ ಮುಂಚೆ, 2023ರ ನವೆಂಬರ್ ತಿಂಗಳಲ್ಲಿ, ಪ್ರಾರಂಭವಾಯಿತು. ಇದು ಪೂರ್ತಧರ್ಮ. ಕೆರೆ ಬಾವಿಗಳನ್ನು ಕಟ್ಟಿಸಿದವರ ಸಾಲಿನಲ್ಲಿ ಈ ಹೆಸರೂ ನಿಲ್ಲತಕ್ಕದ್ದು.

ಆದರೆ ಈ ಪುಣ್ಯವನ್ನು ಆ ಕಲೆಗೆ ಪ್ರಮಾಣವಾಗಿ ಎತ್ತಿಹಿಡಿಯುವುದನ್ನು ನಾವು ಒಪ್ಪಲಾರೆವು. ತೆರೆಯ ಮೇಲೆ ತಾಯಿಯಾದವರು ಊರಿಗೂ ತಾಯಿಯಾದರು ಎಂಬ ವಾಕ್ಯವು ಕೇಳುವುದಕ್ಕೆ ಇಂಪಾಗಿರುವುದು. ವಿಚಾರಿಸಿದರೆ ಅದರಲ್ಲಿ ನಟಿಗೆ ಒಂದು ಅಪಚಾರವೇ ಇದೆ. ಕರುಣಾಳುವಾದ್ದರಿಂದ ಕರುಣೆಯನ್ನು ಅಭಿನಯಿಸಿದರೆಂದರೆ, ಅಭಿನಯದಲ್ಲಿ ಶ್ರಮವೂ ಶಿಕ್ಷಣವೂ ಇರಲಿಲ್ಲವೆಂದು ಹೇಳಿದಂತಾಯಿತು. ಅಭಿನವಗುಪ್ತನು ರಸವು ನಟನಲ್ಲಿಲ್ಲವೆಂದೂ, ನಟನು ಆಸ್ವಾದಕ್ಕೆ ಉಪಾಯ ಮಾತ್ರವೆಂದೂ, ಆದುದರಿಂದಲೇ ಅವನಿಗೆ ಪಾತ್ರವೆಂಬ ಹೆಸರು ಬಂದಿತೆಂದೂ ಹೇಳಿರುವನು. ಪಾನಕವನ್ನು ಹಿಡಿದ ಬಟ್ಟಲು ಅದರ ರುಚಿಯನ್ನು ತಾನು ಸವಿಯದು. ಆದರೆ ಬಟ್ಟಲಿಗೆ ಕಿಲುಬು ಹಿಡಿದಿದ್ದರೆ ಪಾನಕವು ಕೆಡುವುದು. ತನ್ನ ಸ್ವಂತ ದುಃಖದ ಕಿಲುಬು ಅಪರ್ಣೆಯ ದುಃಖಕ್ಕೆ ಹತ್ತದಂತೆ ನೋಡಿಕೊಂಡದ್ದೇ ಲೀಲಾವತಿಯವರ ಸಾಧನೆ. ಅವರ ಜೀವನದ ಕಥೆಯಿಂದ ಅಪರ್ಣೆಯನ್ನು ವಿವರಿಸುವವರು ಆ ಸಾಧನೆಯನ್ನು ಅಳಿಸಿಹಾಕುತ್ತಾರೆ.

ಇಂದು ಆ ಹಳೆಯ ಚಿತ್ರಗಳು ದೂರದರ್ಶನದ ವಾಹಿನಿಗಳಲ್ಲಿ ಜಾಹೀರಾತುಗಳ ನಡುವೆ ತುಂಡುತುಂಡಾಗಿ ಬರುತ್ತಿವೆ. ಭಾವವು ಏರುವಷ್ಟರಲ್ಲಿ ಸಾಬೂನಿನ ಸ್ತುತಿಯು ಅಡ್ಡಬಂದು ರಸಭಂಗವಾಗುವುದು. ಮಹಾಕಾವ್ಯಗಳಿಗೆ ವ್ಯಾಖ್ಯಾನಗಳಿರುವುದರಿಂದ ಅವು ಸಂದರ್ಭ ತಪ್ಪಿ ಬಂದರೂ ಓದುಗನಿಗೆ ದಾರಿಯುಂಟು. ಅಭಿನಯಕ್ಕೆ ನಮ್ಮಲ್ಲಿ ವ್ಯಾಖ್ಯಾನಗಳಿಲ್ಲ. ಲೀಲಾವತಿಯವರಂತಹ ನಟಿಯರ ಒಂದೊಂದು ಮುಖ್ಯಪಾತ್ರವನ್ನೂ ಆರಿಸಿ, ದೃಶ್ಯ ದೃಶ್ಯವಾಗಿ ನೋಡಿ, ಅಲ್ಲಿನ ಭಾವಾನುಭಾವಗಳನ್ನು ಗುರುತಿಸಿ ಬರೆದಿಡುವ ಕೆಲಸವು ಇನ್ನು ಮುಂದೆ ಆಗಬೇಕಾಗಿದೆ. ‘ಗೆಜ್ಜೆಪೂಜೆ’ಯ ಅಪರ್ಣೆಯಿಂದ ಆ ಕೆಲಸವನ್ನು ಪ್ರಾರಂಭಿಸುವುದು ಎಲ್ಲ ವಿಧದಲ್ಲಿಯೂ ಯೋಗ್ಯವೆಂದು ನಮ್ಮ ಅಭಿಪ್ರಾಯ.