‘ಡಾಕ್ಟರ್ ಝಿವಾಗೋ’: ವಿಪ್ರಲಂಭವೋ ಕರುಣವೋ?

ವಿಪ್ರಲಂಭ ಶೃಂಗಾರಕ್ಕೂ ಕರುಣಕ್ಕೂ ನಡುವಣ ಎಲ್ಲೆಯನ್ನು ಭರತನು ಸಂಗ್ರಹವಾಗಿ ಗುರುತಿಸಿದ್ದಾನೆ: ಮೊದಲನೆಯದು ಸಾಪೇಕ್ಷ, ಎರಡನೆಯದು ನಿರಪೇಕ್ಷ. ಅಗಲಿದವರು ಮರಳಿ ಕೂಡುವರೆಂಬ ಆಸೆಯಿರುವವರೆಗೆ ವಿರಹ. ಆಸೆ ಅಳಿದೊಡನೆ ಶೋಕ. ಈ ಲಕ್ಷಣವನ್ನು ಬೋರಿಸ್ ಪಾಸ್ತರ್ನಾಕನ ಕಾದಂಬರಿಗೆ ಅನ್ವಯಿಸಿ ನೋಡುವುದು ನಮ್ಮ ಉದ್ದೇಶ. 1957ರಲ್ಲಿ ಇಟಲಿಯಲ್ಲಿ ಮೊದಲು ಪ್ರಕಟವಾಗಿ, ಲೇಖಕನ ಸ್ವದೇಶದಲ್ಲಿ 1988ರವರೆಗೂ ಅಧಿಕೃತವಾಗಿ ಅಚ್ಚಾಗದೆ ಉಳಿದ ಈ ಕೃತಿಯನ್ನು ರಾಜಕೀಯದ ಕಣ್ಣಿನಿಂದಲೇ ಓದುವ ರೂಢಿ ಬಲವಾಗಿದೆ. ರಸದೃಷ್ಟಿಯಿಂದ ನೋಡಿದಾಗ ಬೇರೊಂದು ಸಂಗತಿ ಕಾಣುತ್ತದೆ.

ರಷ್ಯದ ಅಂತರ್ಯುದ್ಧದಲ್ಲಿ ವೈದ್ಯ ಝಿವಾಗೋವನ್ನು ಕೆಂಪು ಪಕ್ಷದ ಅರಣ್ಯಯೋಧರು ಹಿಡಿದೊಯ್ಯುತ್ತಾರೆ. ಅವನು ತಪ್ಪಿಸಿಕೊಂಡು ಬರುವ ವೇಳೆಗೆ ಹೆಂಡತಿ ತೋನ್ಯಾ ಮಾಸ್ಕೋ ಸೇರಿರುತ್ತಾಳೆ. ಮುಂದೆ ಅವಳಿಗೆ ಗಡೀಪಾರು. ಆಕೆ ಬದುಕಿದ್ದಾಳೆ, ಪ್ರೀತಿಯೂ ಇದೆ. ಕೂಡುವ ದಾರಿ ಮಾತ್ರ ಮುಚ್ಚಿದೆ. ಬಳಿಕ ಲಾರಾಳನ್ನು ಉಳಿಸಲೆಂದು, ಹಿಂದೆಯೇ ಬರುವೆನೆಂದು ಸುಳ್ಳಾಡಿ, ಝಿವಾಗೋ ತಾನೇ ಅವಳನ್ನು ಕಳುಹಿಸಿಬಿಡುತ್ತಾನೆ. ಜಾರುಬಂಡಿಯಲ್ಲಿ ಕುಳಿತವಳಿಗೆ ಅದು ವಿಪ್ರಲಂಭ. ಬಾಗಿಲಲ್ಲಿ ನಿಂತವನಿಗೆ ಕರುಣ. ಒಂದೇ ಅಗಲಿಕೆ ಇಬ್ಬರಲ್ಲಿ ಎರಡು ರಸವಾಗಿದೆ.

ಇದಕ್ಕಿಂತ ಗಹನವಾದುದು ಲಾರಾಳ ಗಂಡ ಸ್ತ್ರೆಲ್ನಿಕೋವನ ಪ್ರಸಂಗ. ಕೆಂಪು ಸೇನೆಯ ನಾಯಕನಾಗಿ ಮೆರೆದ ಈತ, ಯುದ್ಧ ಮುಗಿದ ಮೇಲೆ ಹೆಂಡತಿ ಮಗಳ ಬಳಿಗೆ ಹೋಗೋಣವೆಂದು ಮಿಲನವನ್ನು ಮುಂದಕ್ಕೆ ಹಾಕುತ್ತಲೇ ಬಂದವನು. ಕೊನೆಗೆ ತನ್ನ ಪಕ್ಷದವರಿಂದಲೇ ಬೇಟೆಗೊಳಗಾಗಿ ಅವನು ಬಂದಾಗ, ಲಾರಾ ಆಗಲೇ ಹೊರಟುಹೋಗಿದ್ದಾಳೆ. ಆ ರಾತ್ರಿ ಅವನು ಝಿವಾಗೋವಿನಿಂದ ಬಯಸುವುದು, ಅವಳು ತನ್ನನ್ನು ಕುರಿತು ಆಡಿದ ಮಾತುಗಳನ್ನು ಕೇಳುವುದು. ಒಬ್ಬಳನ್ನೇ ಪ್ರೀತಿಸಿದ ಇಬ್ಬರಲ್ಲಿ ಅಸೂಯೆ ಮೂಡಬೇಕಾದೆಡೆ ಸಮದುಃಖ ಮೂಡುತ್ತದೆ. ತನ್ನ ಮೇಲಣ ಅವಳ ಪ್ರೀತಿ ಅಳಿದಿರಲಿಲ್ಲವೆಂಬುದನ್ನು ಅರಿತ ಬಳಿಕವೇ ಬೆಳಗಾಗುವಷ್ಟರಲ್ಲಿ ಅವನು ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಆಸೆಗೆ ಆಧಾರ ದೊರೆತ ಗಳಿಗೆಯೇ ಆಸೆಯ ಅಂತ್ಯವೂ ಆಗುವ ಈ ಸ್ಥಿತಿಯನ್ನು ಸಾಪೇಕ್ಷವೆನ್ನಲೂ ನಿರಪೇಕ್ಷವೆನ್ನಲೂ ಆಗದು.

ಕೃತಿಯಲ್ಲಿ ಆಕಸ್ಮಿಕಗಳು ಮಿತಿಮೀರಿವೆ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಝಿವಾಗೋವಿನ ಶವವಿರುವ ಕೋಣೆಗೆ ಲಾರಾ ಅರಿಯದೆಯೇ ಬಂದು ಸೇರುವುದು ಸಂಭಾವ್ಯತೆಗೆ ಕುಂದು. ಸ್ತ್ರೆಲ್ನಿಕೋವನ ತಡವಾದ ಬರವಿಗೆ ಈ ಆಕ್ಷೇಪ ಸಲ್ಲದು. ಅದರ ಬೀಜ ಅವನ ಸ್ವಭಾವದಲ್ಲಿಯೇ ಇದೆ. ದೇಶವನ್ನು ಮೊದಲು ಸರಿಪಡಿಸಿ ಆಮೇಲೆ ಮನೆಗೆ ಮರಳುವೆನೆಂದವನಿಗೆ ಎರಡೂ ದಕ್ಕಲಿಲ್ಲ. ಈ ಕಾರಣದಿಂದ ಕಾದಂಬರಿಯ ಕರುಣದ ನೆಲೆಯನ್ನು ನಾಯಕನ ಮರಣದಲ್ಲಿ ಅರಸುವುದಕ್ಕಿಂತ ಆ ಒಂದು ರಾತ್ರಿಯ ಸಂಭಾಷಣೆಯಲ್ಲಿ ಅರಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.