ನಾಗಮಂಡಲದಲ್ಲಿ ದಂಡ ತೆತ್ತವಳು

ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು ನಾನು ರಾಣಿಯ ಗೆಲುವಿನ ಕಥೆಯಾಗಿಯೇ ಪಾಠ ಮಾಡುತ್ತಿದ್ದೆ. ಮೈಸೂರಿನ ಒಂದು ಪದವಿ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮೇಡಂ, ಅಪ್ಪಣ್ಣನಿಗೆ ಏನು ಶಿಕ್ಷೆ ಆಯ್ತು?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಇದೇ ಊರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿದ ನಾಟಕವಿದು. ಅಪ್ಪಣ್ಣ ಹೆಂಡತಿಯನ್ನು ಒಳಗಿಟ್ಟು ಬೀಗ ಹಾಕಿ, ಇಟ್ಟುಕೊಂಡವಳ ಮನೆಗೆ ಹೋಗುತ್ತಾನೆ. ಬರುವುದು ಮಧ್ಯಾಹ್ನದ ಊಟಕ್ಕೆ ಮಾತ್ರ. ರಾತ್ರಿ ಅವನದೇ ರೂಪದಲ್ಲಿ ಬರುವ ನಾಗನಿಂದ ರಾಣಿ ಬಸಿರಾದಾಗ ಊರ ಹಿರಿಯರು ಪಂಚಾಯ್ತಿ ಸೇರುತ್ತಾರೆ. ವಿಚಾರಣೆ ರಾಣಿಗೆ ಮಾತ್ರ.

ನಮ್ಮ ಕಾನೂನಿಗೂ ಬಹುಕಾಲ ಇದೇ ಕಣ್ಣು. 1860ರ ದಂಡಸಂಹಿತೆಯ 497ನೇ ಕಲಮಿನಲ್ಲಿ ಪರಪುರುಷನಿಗೆ 5 ವರ್ಷದವರೆಗೆ ಸೆರೆ. ಗಂಡನ ಮೇಲೆ ದೂರು ಕೊಡಲು ಹೆಂಡತಿಗೆ ದಾರಿಯಿರಲಿಲ್ಲ. ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ಅದನ್ನು ರದ್ದುಮಾಡಿತು. ಸೆರೆ ಹೋಯಿತು, ಹಣದ ಲೆಕ್ಕ ಉಳಿಯಿತು. ಹೆಂಡತಿ ವ್ಯಭಿಚಾರದಲ್ಲಿ ಬದುಕುತ್ತಿದ್ದರೆ ಜೀವನಾಂಶವಿಲ್ಲ ಎಂಬ ಹಳೆಯ 125ನೇ ಕಲಮಿನ ಮಾತು ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಹೆಂಡತಿ ಬೇರೆಯಿದ್ದೂ ಜೀವನಾಂಶ ಕೇಳಬಹುದು ಎಂಬುದೂ ಅಲ್ಲೇ ಇದೆ, ನಿಜ. ಆದರೆ ಅವನಿಗೆ ಅದು ಖರ್ಚು, ಅವಳಿಗೆ ಅನ್ನ.

ಈ ಅನ್ನದ ಕಡೆಯಿಂದ ನೋಡಿದರೆ ನಾಟಕದ ಕೊನೆ ಬೇರೆಯಾಗಿ ಕಾಣುತ್ತದೆ. ರಾಣಿ ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ನಾಗ ಹೆಡೆ ಬಿಚ್ಚುತ್ತಾನೆ, ಊರು ಅವಳನ್ನು ದೇವಿಯೆನ್ನುತ್ತದೆ. ದೇವಿಯಾಗದಿದ್ದರೆ ಅವಳಿಗೆ ಬೀದಿಯೇ ಗತಿ. ಇನ್ನು, ಹೆಸರೂ ಇಲ್ಲದ ಆ ಇಟ್ಟುಕೊಂಡವಳು ರಾಣಿಯ ಮನೆಯ ಚಾಕರಿಗೆ ನಿಲ್ಲುತ್ತಾಳೆ. ಅಪ್ಪಣ್ಣ ಕಟ್ಟಬೇಕಿದ್ದ ದಂಡವನ್ನು ದುಡಿದು ತೀರಿಸುವವಳು ಅವಳು. ಕಾರ್ನಾಡರು ಇದನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತಾರೆ. ಜನಪದ ಕಥೆಯ ಸುಖಾಂತಕ್ಕೆ ಅಷ್ಟು ಸಾಕು. ಪಂಚಾಯ್ತಿಯನ್ನೇ ಪ್ರಶ್ನಿಸುವ ನಾಟಕಕ್ಕೆ ಸಾಲದು ಎಂಬುದು ನನ್ನ ತಕರಾರು.

ದ್ರೋಹ ವಿಚ್ಛೇದನಕ್ಕೆ ಕಾರಣವಾಗಲಿ, ಈಗಲೂ ಆಗಿದೆ. ಜೀವನಾಂಶ ಮಾತ್ರ ಶೀಲದ ಪರೀಕ್ಷೆಯಾಗಬಾರದು. ಆ ಮನೆಗಾಗಿ ಯಾರು ಎಷ್ಟು ದುಡಿದರು, ಹೊರಬಿದ್ದಾಗ ಯಾರ ಕೈಯಲ್ಲಿ ಏನು ಉಳಿದಿದೆ ಎಂಬುದನ್ನು ನ್ಯಾಯಾಲಯ ಕೇಳಲಿ. ಹುತ್ತಕ್ಕೆ ಕೈಯಿಡದೆಯೂ ರಾಣಿಗೆ ಊಟ ಸಿಗಬೇಕು.