ಮಿರಜಿನ ಮೊಹರು

ಕಾಗವಾಡದಲ್ಲಿ ಬರೆದ ಕಾಗದವನ್ನು ಮಿರಜಿನ ದವಾಖಾನೆಗೆ ಹೊರಟವರ ಕೈಯಲ್ಲಿ ಕೊಟ್ಟು ಅಲ್ಲಿನ ಅಂಚೆ ಡಬ್ಬಿಗೆ ಹಾಕಿಸಿದರೆ, ಅದರ ಮೇಲೆ ಬೀಳುವುದು ಮಿರಜಿನ ಮೊಹರು. ಕಾಗದ ಎಲ್ಲಿಂದ ಹೊರಟಿತೆಂದು ಪಡೆದವರಿಗೆ ತಿಳಿಯದು. ಒಯ್ದವರಿಗೆ ಮಾತ್ರ ಎರಡೂ ವಿಳಾಸ ಗೊತ್ತು. ವಿಪಿಎನ್ ಎಂಬ ಸೇವೆಯ ಮರ್ಮ ಇಷ್ಟೇ. ಜಾಹೀರಾತುಗಳು ಮೊಹರಿನ ಬಗ್ಗೆ ಹೇಳುತ್ತವೆ, ಒಯ್ದವರ ಬಗ್ಗೆ ಹೇಳುವುದಿಲ್ಲ.

ಕರ್ನಾಟಕ-ಮಹಾರಾಷ್ಟ್ರ ಗಡಿಯ ಈ ತಾಲ್ಲೂಕುಗಳಲ್ಲಿ ಸ್ವಂತ ಮೊಹರು, ಅಂದರೆ ಅಂತರ್ಜಾಲದಲ್ಲಿ ಫೋನಿನ ಗುರುತಾದ ಐಪಿ ವಿಳಾಸ, ಮೊದಲೇ ಮಸುಕು. ಶೇಡಬಾಳದಲ್ಲಿ ಕುಳಿತು ಐಪಿ ತೋರಿಸುವ ತಾಣ ತೆರೆದರೆ ಪರದೆಯ ಮೇಲೆ ಶೇಡಬಾಳ ಬರುವುದು ಅಪರೂಪ. ಮೊಬೈಲ್ ಕಂಪನಿಯ ಗೇಟ್‌ವೇ ಯಾವ ಮಹಾನಗರದಲ್ಲಿದೆಯೋ ಅದರ ಹೆಸರು ಬರುತ್ತದೆ. ಹಳೆಯ ಮಾದರಿಯ ಒಂದೇ ಐಪಿಯನ್ನು ಕಂಪನಿಗಳು ಒಮ್ಮೆಗೇ ಎಷ್ಟೋ ಗಿರಾಕಿಗಳಿಗೆ ಹಂಚುತ್ತವೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ: ಯಾವ ಗಳಿಗೆಯಲ್ಲಿ ಯಾವ ಸಿಮ್‌ಗೆ ಅದು ಸೇರಿತ್ತೆಂಬ ಲೆಕ್ಕ ಕಂಪನಿಯ ಬಳಿ ಇರುತ್ತದೆ. ಜಾಹೀರಾತಿನವನಿಗೆ ಮಸುಕಾಗಿ ಕಂಡದ್ದು ಪೊಲೀಸರ ಪತ್ರ ಹೋದಾಗ ಸ್ಪಷ್ಟವಾಗುತ್ತದೆ.

2021ರ ಅಕ್ಟೋಬರ್ 5ರಂದು ಕರ್ನಾಟಕದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಇಂಥ ಆಟದ ಆಪ್ ಡ್ರೀಮ್ ಇಲೆವೆನ್ ರಾಜ್ಯದಲ್ಲಿ ಆಟ ನಿಲ್ಲಿಸಿತು. ಆಗ ನಿಪ್ಪಾಣಿಯಲ್ಲಿ ಅಪರಾಧ; ಕೊಗನೊಳ್ಳಿ ಟೋಲ್ ನಾಕಾ ದಾಟಿ ಮಹಾರಾಷ್ಟ್ರದ ಕಾಗಲ ಮುಟ್ಟಿದರೆ ಅದೇ ಆಟಕ್ಕೆ ಅಡ್ಡಿಯಿರಲಿಲ್ಲ! ವಿಪಿಎನ್ ಹಾಕಿ ಕೂತಲ್ಲೇ ಗಡಿ ದಾಟಬಹುದೆಂಬ ಆಸೆ ಸಹಜವೇ ಆಗಿತ್ತು. ಆದರೆ ಇಂಥ ಆಪ್‌ಗಳು ಐಪಿಯನ್ನಷ್ಟೇ ನಂಬಿ ಕೂರುತ್ತಿರಲಿಲ್ಲ. ಲೊಕೇಶನ್ ಅನುಮತಿ ಕೇಳುತ್ತಿದ್ದವು, ಮೊಬೈಲ್ ನಂಬರು, ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಿದ್ದವು. ಮೊಹರು ಮಿರಜಿನದು, ಕಾಗದದ ಕೆಳಗೆ ಸ್ವಂತ ಸಹಿ. ಆ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಇಂಥ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಇಡೀ ದೇಶಕ್ಕೇ ಅನ್ವಯಿಸುವುದರಿಂದ ಈಗ ಕಾಗಲಕ್ಕೆ ಹೋದರೂ ಅಷ್ಟೇ.

ಪುಕ್ಕಟೆ ವಿಪಿಎನ್‌ಗಳ ವಿಷಯದಲ್ಲಿ ಮೃದುವಾಗಿ ಮಾತಾಡಲು ಕಾರಣವೇ ಇಲ್ಲ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ, ರಕ್ಷಣೆಯ ಹೆಸರಿನಲ್ಲಿ ಫೋನಿಗಿಳಿದು ಜನ ಯಾವ ಆಪ್ ಎಷ್ಟು ಬಳಸುತ್ತಾರೆಂದು ಒಡೆಯನಿಗೆ ವರದಿ ಮಾಡುತ್ತಿತ್ತು. 2018ರಲ್ಲಿ ಅದು ಆಪಲ್ ಅಂಗಡಿಯಿಂದ ಹೊರಬಿತ್ತು. ಹೋಲಾ ಎಂಬ ವಿಪಿಎನ್‌ನದು ಇನ್ನೊಂದು ಬಗೆ: ಪುಕ್ಕಟೆ ಬಳಕೆದಾರರ ಸಂಪರ್ಕವನ್ನೇ ಅದು ಬೇರೆಯವರಿಗೆ ಮಾರುತ್ತಿತ್ತೆಂಬುದು 2015ರಲ್ಲಿ ಬಯಲಾಯಿತು. ತನ್ನ ಐಪಿ ಮುಚ್ಚಿಡಲು ಹೋದವನ ಐಪಿಯನ್ನು ಅಪರಿಚಿತನೊಬ್ಬ ಹೊದ್ದು ತಿರುಗಿದಂತೆ.

ದುಡ್ಡು ಕೊಟ್ಟು ಕೊಳ್ಳುವವು ವಾಸಿ. ಕಾಗದದ ಲಕೋಟೆಗೆ ಗೋಂದು ಹಚ್ಚುತ್ತವೆ, ಅಂದರೆ ದತ್ತಾಂಶವನ್ನು ಗೂಢಲಿಪಿಯಲ್ಲಿ ಸಾಗಿಸುತ್ತವೆ. ಲಾಜಿನ ವೈಫೈಯಲ್ಲಿ ಇದರಿಂದ ಉಪಯೋಗವುಂಟು. ಆದರೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು, ಗಿರಾಕಿಯ ಹೆಸರು, ವಿಳಾಸ, ಫೋನು, ಐಪಿಗಳನ್ನು ಐದು ವರ್ಷ ಜೋಪಾನ ಮಾಡಬೇಕೆಂದು ವಿಪಿಎನ್ ಕಂಪನಿಗಳಿಗೆ ಹೇಳಿತು. ಅದಕ್ಕೊಪ್ಪದ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಇಲ್ಲಿನ ಸರ್ವರುಗಳನ್ನು ಕಿತ್ತುಕೊಂಡು ಹೋದವು. ಲೆಕ್ಕ ಇಡುವುದಿಲ್ಲವೆಂಬ ಅವರ ಮಾತನ್ನು ಅಥಣಿಯ ಗಿರಾಕಿ ನಂಬಿಕೆಯ ಮೇಲೆಯೇ ಕೊಳ್ಳಬೇಕು.

ಬ್ರೌಸರಿನ ಇನ್ಕಾಗ್ನಿಟೊ ಕಿಟಕಿ ಐಪಿಯನ್ನು ಮರೆಮಾಡುವುದೇ ಇಲ್ಲ. ಅದು ಫೋನಿನೊಳಗಿನ ಇತಿಹಾಸವನ್ನಷ್ಟೇ ಒರೆಸುತ್ತದೆ. ಮನೆಯಲ್ಲಿ ಅಣ್ಣ ನೋಡಬಾರದೆಂದರೆ ಸಾಕು.

ಪ್ರಾಮಾಣಿಕವಾದ ಏರ್ಪಾಡು ಟಾರ್ ಎಂಬ ಜಾಲದ್ದು. ಮೂಲ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದರೂ 2006ರಿಂದ ಲಾಭರಹಿತ ಸಂಸ್ಥೆಯೊಂದು ಅದನ್ನು ನಡೆಸುತ್ತಿದೆ. ಇಲ್ಲಿ ಕಾಗದ ಮೂರು ಕೈ ದಾಟುತ್ತದೆ. ಮೊದಲನೆಯವನಿಗೆ ಕೊಟ್ಟವರು ಗೊತ್ತು, ಮೂರನೆಯವನಿಗೆ ತಲುಪಬೇಕಾದ ಜಾಗ ಗೊತ್ತು, ಎರಡೂ ಬಲ್ಲವರು ಯಾರೂ ಇಲ್ಲ. ನಿಧಾನ ಮಾತ್ರ ವಿಪರೀತ. ವಿಡಿಯೊ ನೋಡಲು ಹೊರಟರೆ ಮಿರಜ್ ಪ್ಯಾಸೆಂಜರ್ ರೈಲನ್ನು ಕ್ರಾಸಿಂಗಿಗೆ ನಿಲ್ಲಿಸಿದ ಅನುಭವ. ಟಾರ್‌ನಲ್ಲಿ ಕೂತು ಸ್ವಂತ ಫೇಸ್‌ಬುಕ್ ಖಾತೆ ತೆರೆದರೆ ಮೂವರ ಶ್ರಮವೂ ದಂಡ.

ಈ ಎಲ್ಲ ಏರ್ಪಾಡಿಗೂ ಮೊದಲು ನೆಟ್ ಇರಬೇಕು. 2023ರ ಜೂನ್ 7ರಂದು, ಕೆಲವರ ಸ್ಟೇಟಸ್‌ನಿಂದ ಹೊತ್ತಿದ ಗಲಾಟೆಗೆ ಕೊಲ್ಹಾಪುರದಲ್ಲಿ ಇಂಟರ್ನೆಟ್ ನಿಲ್ಲಿಸಿದರು. ವಾಟ್ಸಾಪ್ ಸ್ಟೇಟಸ್ ಹಾಕಿದವರನ್ನು ಗುರುತಿಸಲು ಐಪಿ ಬೇಕಿಲ್ಲ, ನಂಬರೇ ಅಲ್ಲಿರುತ್ತದೆ. ನೆಟ್ ಕಡಿದ ಮೇಲೆ ವಿಪಿಎನ್ ಒತ್ತಿದರೂ ಪರದೆಯ ಮೇಲೆ ಚಕ್ರವೊಂದು ತಿರುಗುತ್ತಿರುತ್ತದೆ, ಕಾಗದ ಒಯ್ಯುವವರಿಗೆ ರಸ್ತೆಯೇ ಇರುವುದಿಲ್ಲ.